ಡಬ್ಬಿ ತಂದಿದೀರಾ?

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ರುಚಿಯನ್ನು ತುಮಕೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳಹೊರಟಿರುವುದು ಇಡ್ಲಿಯ ಅಡಿಗೆ ಹಾಸುವ ಬಟ್ಟೆಯ ವಿಚಾರ. ನೀರಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯನ್ನು ಅಗಲ ತಟ್ಟೆಗೆ ಹಾಸಿ, ಮೇಲೆ ಹಿಟ್ಟು ಹೊಯ್ದು ಹಬೆಗೆ ಇಡುತ್ತಾರೆ. ಬೆಂದ ಮೇಲೆ ತಟ್ಟೆ ಮಗುಚಿ ಬಟ್ಟೆಯ ತುದಿ ಹಿಡಿದು ಎಳೆದರೆ ಇಡ್ಲಿ ಮೆತ್ತಗೆ ಬಿಡಿಸಿಕೊಳ್ಳುತ್ತದೆ, ಅದರ ಮೈಮೇಲೆ ನೇಯ್ಗೆಯ ಗುರುತು ಮೂಡಿರುತ್ತದೆ. ರಾಜ್ಯದ ಎಷ್ಟೋ ಹೋಟೆಲುಗಳಲ್ಲಿ ಈ ಬಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. ಒಗೆಯುವ ಕೆಲಸವಿಲ್ಲವಲ್ಲ! 2025ರ ಫೆಬ್ರುವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಇದು ಬಯಲಾಗಿ, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಕೂಡದೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಬೇಕಾಯಿತು.

ಇಡ್ಲಿ ಬಟ್ಟೆಯಲ್ಲೇ ಬೆಂದಿತು ಅನ್ನಿ. ಪಾರ್ಸೆಲ್ ಕಟ್ಟುವಾಗ? ಹಾಳೆಯ ಮೇಲೆ ಇಡ್ಲಿ, ಒಂದು ಕವರಿಗೆ ಚಟ್ನಿ, ಇನ್ನೊಂದಕ್ಕೆ ಕುದಿಯುವ ಸಾಂಬಾರು, ಇವೆಲ್ಲಕ್ಕೂ ಸೇರಿಸಿ ಮತ್ತೊಂದು ಕವರ್. ಅದಕ್ಕೇ ನಾನು ಮನೆಯಿಂದ ಸ್ಟೀಲ್ ಡಬ್ಬಿಗಳನ್ನು ಒಯ್ಯುತ್ತೇನೆ. "ಡಬ್ಬಿ ತಂದಿದೀರಾ ಅಕ್ಕ? ಒಳ್ಳೇದಾಯ್ತು, ಕೊಡಿ" ಅಂತ ಹುಡುಗ ಸಂತೋಷವಾಗಿಯೇ ತುಂಬಿಕೊಡುತ್ತಾನೆ, ಅವನಿಗೂ ದಾರ ಸುತ್ತುವ ಕೆಲಸ ತಪ್ಪುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ ನಿಷೇಧ ಬಂದದ್ದು 2016ರಲ್ಲಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳಿಗೆ ಕೇಂದ್ರದ ನಿಷೇಧ 2022ರ ಜುಲೈ 1ಕ್ಕೆ ಬಂತು. ಆದರೂ ಕವರು ನಿಂತಿಲ್ಲ. ಬರಿಗೈಲಿ ಅಂಗಡಿಗೆ ಹೋದವರ ಕೈಗೆ ಅಂಗಡಿಯವರು ಏನಾದರೂ ಕೊಡಲೇಬೇಕು ತಾನೆ? ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಒಂದು ಬಟ್ಟೆ ಚೀಲ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ನಗರದ ಕಸ ಹೋಗಿ ಸೇರುವುದು ಅಜ್ಜಗೊಂಡನಹಳ್ಳಿಗೆ. ನಮ್ಮ ಬಾಗಿಲಿಂದ ಗಾಡಿ ಹೊರಟರೆ ನಮಗೆ ಮುಗಿಯಿತು. ಆ ಊರಿನವರಿಗೆ ಅಲ್ಲಿಂದ ಶುರು. ಮನೆಯ ಕಸದಲ್ಲಿ ಹೆಚ್ಚಿನ ಪಾಲು ಹಸಿ ಕಸವೇ: ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ, ದೇವರ ಹೂವು. ಪ್ಲಾಸ್ಟಿಕ್ಕಿನ ಜೊತೆ ಕಲಸಿ ರಾಶಿ ಹಾಕಿದರೆ ಅದು ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಬಕೆಟ್ಟಿನಲ್ಲಿ ಗಾಳಿಯಾಡುವಂತೆ ಇಟ್ಟರೆ ಗೊಬ್ಬರವಾಗುತ್ತದೆ. ಬಕೆಟ್ ವಾಸನೆ ಬರದಿರಲು ಪ್ರತಿ ಪದರದ ಮೇಲೂ ಒಣಗಿದ್ದೇನಾದರೂ ಉದುರಿಸಬೇಕು. ಕಲ್ಪತರು ನಾಡಿನವರು ಅದಕ್ಕಾಗಿ ಎಲ್ಲಿ ಹುಡುಕಬೇಕು? ತೆಂಗಿನ ನಾರಿನ ಪುಡಿಯೇ ಇದೆ. ನೀರು ಹೀರುವುದರಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಪಾತ್ರೆ ತಿಕ್ಕಲು ನಾರು, ಅಂಗಳಕ್ಕೆ ಕಡ್ಡಿ ಪೊರಕೆ ಹೇಗೂ ಸರಿ. ಪ್ಲಾಸ್ಟಿಕ್ ಸ್ಕ್ರಬ್ಬರ್ ಸವೆದಷ್ಟೂ ಚೂರಾಗಿ ಮೋರಿ ಸೇರುತ್ತದೆ, ನಾರು ಸವೆದರೆ ಮಣ್ಣಾಗುತ್ತದೆ. ಹಾಗೆಂದು ಹಳೆಯದೆಲ್ಲ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಮಟ್ಟೆ ಉರಿಸಿ ಹಂಡೆ ನೀರು ಕಾಯಿಸಿದ ಹೆಂಗಸರು ಕುಡಿದ ಹೊಗೆ ಸಾಕು. ಬಿಸಿಲಿಗೆ ಬರವಿಲ್ಲದ ಜಿಲ್ಲೆ ನಮ್ಮದು, ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕೇ ಇದೆ. ಸ್ವಂತ ತಾರಸಿ ಇದ್ದವರು ಸ್ನಾನದ ನೀರನ್ನಾದರೂ ಬಿಸಿಲಿಗೆ ಬಿಡಲಿ.

ನೀರೆಂದ ಮೇಲೆ ಹೇಮಾವತಿಯ ಮಾತು ಬರಲೇಬೇಕು. ಗೊರೂರಿನ ಅಣೆಕಟ್ಟೆಯಿಂದ ಹೊರಟ ನೀರು ಕಾಲುವೆಯಲ್ಲಿ ಗುಬ್ಬಿ ಸೀಮೆ ಹಾದು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ತುಮಕೂರಿನ ನಲ್ಲಿಗೆ ಬರುತ್ತದೆ. ಕುಣಿಗಲ್ ಕಡೆಗೆ ಲಿಂಕ್ ಕಾಲುವೆ ತೆಗೆಯುವ ವಿಚಾರಕ್ಕೆ ಗುಬ್ಬಿ, ತುಮಕೂರಿನ ರೈತರು ಬೀದಿಗಿಳಿದಿದ್ದಾರೆ, ಕುಣಿಗಲ್ಲಿನವರು ನಮ್ಮ ಪಾಲು ಕೊಡಿ ಎನ್ನುತ್ತಿದ್ದಾರೆ. ಎರಡೂ ಕಡೆಯವರದು ನೀರಿನ ಸಂಕಟವೇ. ಇಷ್ಟು ಜಗಳ ಹೊತ್ತು ಬರುವ ನೀರಲ್ಲಿ ಪೈಪ್ ಹಿಡಿದು ಕಾರು ತೊಳೆಯುವುದನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರಿನ ಕೊಳವೆಯನ್ನು ಬಕೆಟ್ಟಿಗೆ ಇಳಿಬಿಟ್ಟು ನೋಡಿ. ನೆಲ ಒರೆಸಲು, ಕಕ್ಕಸಿಗೆ ಧಾರಾಳವಾಗಿ ಸಾಲುತ್ತದೆ. ಗಿಡಕ್ಕೆ ಮಾತ್ರ ದಿನಾ ಹಾಕಬೇಡಿ, ಉಪ್ಪಿನಂಶ ಹೆಚ್ಚು.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕುಣಿಗಲ್ಲಿಗೆ ಹತ್ತಿರದ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡರು. ಅವರು ಆಲದ ಸಸಿ ನೆಟ್ಟದ್ದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಂಡ ಹೆಂಡತಿ ಕೂಲಿ ಮುಗಿಸಿ ಬಂದು ಆ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತದ್ದು. ಪರಿಸರ ದಿನಾಚರಣೆಗೆ ಗಿಡ ನೆಟ್ಟು ಫೋಟೊ ತೆಗೆಸಿಕೊಂಡವರು ಮುಂದಿನ ಬೇಸಿಗೆಯಲ್ಲೂ ಒಮ್ಮೆ ಆ ಕಡೆ ಹೋಗಿ ಬರಬೇಕು.

ಈಗ ಮದುವೆ ಮಾಡುವವರಲ್ಲಿ ಒಂದು ಕೇಳಿಕೆ. ಎಲೆಯ ಬದಿಗೆ ಇಡುವ ಆ ಪುಟ್ಟ ನೀರಿನ ಬಾಟಲಿಯಲ್ಲಿ ಎರಡು ಗುಟುಕು ಕುಡಿದು ಎದ್ದುಹೋಗುವವರೇ ಹೆಚ್ಚು. ಉಳಿದ ನೀರಿನ ಸಮೇತ ಅದು ಕಸಕ್ಕೆ ಬೀಳುತ್ತದೆ. ಛತ್ರ ಗೊತ್ತುಮಾಡುವ ದಿನವೇ ಅಡುಗೆಯವರಿಗೆ ಹೇಳಿಬಿಡಿ: ಊಟಕ್ಕೆ ಬಾಳೆಲೆ ಇಲ್ಲವೇ ಮುತ್ತುಗದೆಲೆ, ನೀರಿಗೆ ಸ್ಟೀಲ್ ಲೋಟ, ಜಗ್ ಹಿಡಿದು ಬಡಿಸಲು ಇಬ್ಬರು ಹುಡುಗರು.