ಬಾಗಿ ನಡೆಯುವ ಮೂರು ಗಾಲಿ

ಹಾಸನದಿಂದ ಮುಂಜಾನೆ ಹೊರಟು, ಗೊರೂರಿನ ಹೇಮಾವತಿ ಜಲಾಶಯವನ್ನು ಕಂಡು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮಾರ್ಗವಾಗಿ ಸಂಜೆಗೆ ಮನೆ ಸೇರಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಜೊತೆಗೆ ಬಂದ ಸೋದರನಿಗೆ ಬಾಲ್ಯದ ಪೋಲಿಯೋದಿಂದ ಒಂದು ಕಾಲು ಬಲಹೀನ. ಹಿಂಬದಿಯ ಎರಡೂ ಪಕ್ಕಕ್ಕೆ ಗಾಲಿ ಜೋಡಿಸಿದ ಸ್ಕೂಟರೇ ಅವನ ವಾಹನ.

ನೇರ ದಾರಿಯಲ್ಲಿ ಅವನು ನಮಗೆ ಸರಿಸಮನಾಗಿಯೇ ಬಂದನು. ತಿರುವು ಎದುರಾದೊಡನೆ ಮಾತ್ರ ನಡಿಗೆಯ ವೇಗಕ್ಕೆ ಇಳಿಯುತ್ತಿದ್ದನು. ನಮ್ಮ ಬೈಕು ಒಳಕ್ಕೆ ಬಾಗಿ ಹೊರಸೆಳೆತವನ್ನು ತಾಳಿಕೊಳ್ಳುತ್ತಿತ್ತು. ಅವನ ಗಾಡಿಯು ಬಾಗಲಾರದೆ ಮಗುಚುವ ಭಯವನ್ನೊಡ್ಡುತ್ತಿತ್ತು.

ಹೊಳೆನರಸೀಪುರದ ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದಾಗ, ಬಾಗಬಲ್ಲ ಮೂರು ಗಾಲಿಯ ಗಾಡಿಗಳ ಮಾತು ಬಂದಿತು. ಇಟಲಿಯ ಪಿಯಾಜಿಯೊ 2006ರಲ್ಲಿ ಎಂಪಿ3 ಎಂಬುದನ್ನೂ, ಜಪಾನಿನ ಯಮಹಾ 2018ರಲ್ಲಿ 847 ಸಿ.ಸಿ.ಯ ನೈಕನ್ ಎಂಬುದನ್ನೂ ಹೊರತಂದವು. ಇವುಗಳ ಮುಂದಿನ ಎರಡು ಗಾಲಿಗಳೂ ಒಟ್ಟಿಗೆ ಬಾಗುತ್ತವೆ. ಒಂದು ಜಾರಿದರೂ ಇನ್ನೊಂದರ ಹಿಡಿತವಿರುತ್ತದೆ. ದೂರಪ್ರಯಾಣಕ್ಕೆಂದೇ ಸಜ್ಜುಗೊಳಿಸಿದ ನೈಕನ್ ಜಿಟಿಗೆ ಎತ್ತರದ ಗಾಳಿತಡೆಯೂ ಪಕ್ಕದ ಸಾಮಾನು ಚೀಲಗಳೂ ಉಂಟು.

“ನಿಂತಾಗ ಕಾಲೂರಬೇಕೇ?” ಎಂದು ಅವನು ಕೇಳಿದನು.

ನೈಕನ್ನಿಗೆ ಊರಲೇಬೇಕು, ಎಂಪಿ3ಯಲ್ಲಾದರೋ, ಗಾಡಿ ನಿಲ್ಲುವಾಗ ವಾಲದಂತೆ ಬಿಗಿಹಿಡಿಯುವ ಗುಂಡಿಯಿದೆ ಎಂದೆವು.

“ಹಾಗಾದರೆ ನನಗೆ ಬೇಕಾದುದು ಆ ಗುಂಡಿ” ಎಂದು ಅವನು ನಕ್ಕನು. ನಾವು ಗಾಲಿಗಳನ್ನು ಎಣಿಸುತ್ತಿದ್ದೆವು. ಅವನು ತನ್ನ ಕಾಲನ್ನು ನೆನೆಯುತ್ತಿದ್ದನು.

ಚನ್ನರಾಯಪಟ್ಟಣದತ್ತ ಹೊರಟಾಗ ಅವನನ್ನೇ ಮುಂದೆ ಬಿಟ್ಟು, ಅವನ ವೇಗಕ್ಕೆ ನಮ್ಮ ವೇಗವನ್ನು ತಗ್ಗಿಸಿಕೊಂಡೆವು. ಹಾಸನ ಸೇರುವಾಗ ದೀಪ ಹೊತ್ತಿದ್ದವು. ಬಾಗುವ ಗಾಡಿ ಅವನ ಕೈಸೇರುವ ತನಕ, ಜೊತೆಯವರಾದರೂ ಇಷ್ಟು ಬಾಗಬಹುದಲ್ಲವೇ?