ದಾದಿಯ ಹೆಸರು ಎಲ್ಲಿದೆ?

ಬೀದರಿನಿಂದ ಔರಾದ್ ರಸ್ತೆ ಹಿಡಿದರೆ ಜನವಾಡ ಸಿಗುತ್ತದೆ. ನಮ್ಮಲ್ಲಿ ಮನೆಯೊಳಗೆ ದಖ್ಖನಿ, ಹೊರಗೆ ಕನ್ನಡ, ಒಂದಿಷ್ಟು ಮರಾಠಿ. ಹಳೆಯ ಮನೆಗಳ ಕಬ್ಬಿಣದ ಟ್ರಂಕುಗಳಲ್ಲಿ ಮಾತ್ರ ಬೇರೆಯೇ ಬರಹವಿದೆ. 1948ರವರೆಗೆ ಬೀದರ್ ನಿಜಾಮರ ರಾಜ್ಯದಲ್ಲಿತ್ತಷ್ಟೆ. ಕಚೇರಿಯ ಕಾಗದಗಳು ಮೊದಲು ಪಾರ್ಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ. ಅವುಗಳಲ್ಲಿ ಬಹಳಷ್ಟು ಶಿಕಸ್ತಾ ಎಂಬ ಅವಸರದ ಕೈಬರಹದಲ್ಲಿವೆ. ನುಕ್ತೆಗಳನ್ನು ಓದುವವರೇ ಊಹಿಸಿಕೊಳ್ಳಬೇಕು!

ಮದ್ರಸಾದಲ್ಲಿ ಕಲಿತವಳೆಂದು ಅಂಥ ಕಾಗದಗಳು ನನ್ನ ಬಳಿಗೂ ಬರುತ್ತವೆ. ಒಮ್ಮೆ ಒಬ್ಬ ಹೆಣ್ಣುಮಗಳು ಹೊಲದ ಕಾಗದ ತಂದಳು. "ಆಪಾ, ಇದು ದಾದಿಯ ಕಾಗದ ಅಂತ ಅಬ್ಬಾ ಹೇಳ್ತಿದ್ರು. ದಾದಿ ಹೆಸರು ಎಲ್ಲಿದೆ ತೋರಿಸ್ರಿ" ಎಂದಳು. ಎರಡು ಸಲ ಓದಿದೆ. ದಾದಿಯ ಹೆಸರೇ ಇರಲಿಲ್ಲ. 'ಬೇವಾ' ಎಂದು ಬರೆದು, ಮುಂದೆ ದಾದಾನ ಹೆಸರು, ಅದರ ಜೊತೆಗೆ 'ಮರ್ಹೂಮ್' ಎಂದಿತ್ತು. ಸಾಕ್ಷಿ ಹಾಕಿದ ಗಂಡಸರಿಗೆಲ್ಲ ಜನಾಬ್, ಸಾಹೇಬ್ ಎಂಬ ಗೌರವಗಳಿದ್ದವು. ದಾದಿಗೆ ವಿಧವೆತನವೇ ಶೋಕ, ಅದೇ ವಿಳಾಸ. ಗಂಡ ತೀರಿಕೊಂಡ ಮೇಲಷ್ಟೇ ಆಕೆ ಕಾಗದದೊಳಗೆ ಬಂದಿದ್ದಳು, ಅದೂ ಹೆಸರಿಲ್ಲದೆ. ಇದು ದೀನ್ ಹೇಳಿಕೊಟ್ಟದ್ದಲ್ಲ, ಕಚೇರಿ ಮತ್ತು ಸಮಾಜದ ರೂಢಿ. "ನಿಕಾಹ್‌ನಾಮಾ ಇದೆಯೇ ಹುಡುಕು. ಅದರಲ್ಲಿ ಹೆಣ್ಣಿನ ಹೆಸರು, ತಂದೆಯ ಹೆಸರು, ಮಹ್ರ್ ಬರೆದಿರುತ್ತಾರೆ" ಎಂದು ಹೇಳಿ ಕಳಿಸಿದೆ.

ಯಾರಿಗೆ ಯಾವ ಬಿರುದು ಬರೆಯಬೇಕೆಂಬುದು ಹಿಂದೆ ಒಂದು ವಿದ್ಯೆಯೇ ಆಗಿತ್ತು. ಆ ವಿದ್ಯೆಯ ದೊಡ್ಡ ಉಸ್ತಾದರು ನಮ್ಮ ಬೀದರಿನವರೇ. ಜನವಾಡದಿಂದ ಬಸ್ಸಿನಲ್ಲಿ ಹೋಗಿ ಊರೊಳಗೆ ನಡೆದರೆ, ನೀಲಿ ಹೆಂಚಿನ ತುಣುಕುಗಳು ಇನ್ನೂ ಹೊಳೆಯುವ, ಒಂದೇ ಮಿನಾರ್ ಉಳಿದಿರುವ ಮದ್ರಸಾ ಕಾಣುತ್ತದೆ. ಬಹಮನಿ ವಜೀರ ಮಹ್ಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಇರಾನಿನ ಗೀಲಾನಿನಿಂದ ಬಂದ ಗವಾನರು 'ಮನಾಜಿರುಲ್ ಇನ್ಶಾ' ಎಂಬ ಪತ್ರಲೇಖನದ ಗ್ರಂಥ ಬರೆದರು. ತಮಗಿಂತ ಮೇಲಿನವರಿಗೆ, ಸರಿಸಮಾನರಿಗೆ, ಕೆಳಗಿನವರಿಗೆ ಹೇಗೆ ಬರೆಯಬೇಕೆಂಬ ಮರ್ಯಾದೆ ಆ ವಿದ್ಯೆಯ ಜೀವಾಳ. ತಾಜಿಯತ್, ಅಂದರೆ ಸಂತಾಪದ ಪತ್ರಕ್ಕೂ ಅಂತಸ್ತಿನ ಅಳತೆಯಿತ್ತು. ಕಣ್ಣೀರಿಗೂ ಅಳತೆಯೇ ಎಂದು ನಮಗೆ ಅನ್ನಿಸಬಹುದು. ಇಂದು ಮೊಬೈಲಿನಲ್ಲಿ ಒಂದೇ ಸಾಲನ್ನು ಎಲ್ಲರಿಗೂ ಕಳಿಸುವ ನಾವು ನಗುವ ಹಾಗಿಲ್ಲ. ಅವರ ಸ್ವಂತ ಪತ್ರಗಳು 'ರಿಯಾಜುಲ್ ಇನ್ಶಾ' ಎಂಬ ಹೆಸರಿನಲ್ಲಿ ಉಳಿದುಬಂದಿವೆ.

ಇಂಥವರ ಪ್ರಾಣ ತೆಗೆದದ್ದೂ ಒಂದು ಪತ್ರವೇ. ಆಗದವರು ಗವಾನರ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಸುಳ್ಳು ಬರೆದರು. ಮೂರನೇ ಮುಹಮ್ಮದ್ ಶಾಹ್ ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ಅವರ ತಲೆ ತೆಗೆಸಿದ. ಸತ್ಯ ತಿಳಿದು ಮರುಗಿದ ಸುಲ್ತಾನ ಮರುವರ್ಷವೇ ತೀರಿಕೊಂಡ.

ಅಷ್ಟೂರಿನಲ್ಲಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅಹ್ಮದ್ ಶಾಹ್ ವಲಿಯ ಗುಮ್ಮಟದ ಒಳಗೋಡೆಯ ತುಂಬ ಬಣ್ಣ, ಬಂಗಾರದ ಅಕ್ಷರಗಳು. ವಜೀರರ ಗೋರಿ ಇರುವುದು ಗೋರ್ನಳ್ಳಿಯಲ್ಲಿ, ಗುಮ್ಮಟವಿಲ್ಲದೆ, ಬಯಲಿನಲ್ಲಿ. ಅವರಿಗಾಗಿ ಅತ್ತವರು ಕವಿಗಳು. ಅಕ್ಷರಗಳ ಬೆಲೆ ಕೂಡಿಸಿದರೆ ಹಿಜ್ರಿ 886, ಅಂದರೆ ಅವರು ತೀರಿಕೊಂಡ ವರ್ಷ ಬರುವಂತೆ ಅವರು ನಿರಪರಾಧಿಯೆಂದು ಸಾರುವ ಮಾತು ಹೆಣೆದರು. ಸುಲ್ತಾನನ ಆಜ್ಞೆಗೆ ಅದೇ ಉತ್ತರ.

ಗೋರ್ನಳ್ಳಿಗೆ ಹೋದಾಗ ಫಾತಿಹಾ ಓದಿ, ನಮ್ಮ ಹುಡುಗಿಯರಿಗೆ ಈ ಲೆಕ್ಕ ಹೇಳಿಕೊಟ್ಟೆ. ಮೀಮ್ 40, ಹೇ 8, ಮತ್ತೆ ಮೀಮ್ 40, ವಾವ್ 6, ದಾಲ್ 4. ಮಹ್ಮೂದ್ ಎಂದರೆ 98. "ಆಪಾ, ನನ್ನ ಹೆಸರು ಎಷ್ಟಾಗ್ತದೆ?" ಎಂದಳು ಒಬ್ಬಳು. ಉತ್ತರಕ್ಕೆ ಕಾಯದೆ ನೋಟ್‌ಬುಕ್ ತೆಗೆದು ತನ್ನ ಹೆಸರು ಬರೆಯತೊಡಗಿದಳು, ಅದರ ಕೆಳಗೆ ಅಮ್ಮಿಯದು, ಅದರ ಕೆಳಗೆ ದಾದಿಯದು.