ಫೋಟೋದ ಹೊರಗೆ ಯಾರಿದ್ದರು?

ಇಂಜಿನಿಯರಿಂಗ್ ಆರನೇ ಸೆಮಿಸ್ಟರಿನಲ್ಲಿ ನಾನು 'ಫಿಲ್ಮ್ ಅಪ್ರೀಸಿಯೇಷನ್' ಅನ್ನೋ ಐಚ್ಛಿಕ ವಿಷಯ ತಗೊಂಡಿದ್ದೆ. ಕಲೆಯ ಮೇಲಿನ ಪ್ರೀತಿಯಿಂದ ಅಂದ್ಕೊಂಡ್ರಾ? ಇಲ್ಲ ಸ್ವಾಮಿ. ಕ್ಲಾಸು ಇದ್ದಿದ್ದು ಶುಕ್ರವಾರ ಮಧ್ಯಾಹ್ನ ಊಟ ಆದ್ಮೇಲೆ, ಸೆಮಿನಾರ್ ಹಾಲಿನಲ್ಲಿ, ಎ.ಸಿ. ಹಾಕಿ, ಲೈಟು ಆರಿಸಿ! ಹಾಸ್ಟೆಲ್ಲಿನ ಸಾಂಬಾರು ಉಂಡು ಬಂದ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿಗೆ ಏನು ಬೇಕು? ಎರಡು ಕ್ರೆಡಿಟ್ಟು, ಜೊತೆಗೆ ನಿದ್ದೆ ಉಚಿತ.

ಆದ್ರೆ ಮೇಷ್ಟ್ರು ನಿದ್ದೆ ಮಾಡೋಕೆ ಬಿಡಲಿಲ್ಲ. ಅವರು ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಮೊದಲ ದಿನ ಸಿನಿಮಾನೇ ತೋರಿಸಲಿಲ್ಲ. "ಮನೆಯಿಂದ ಒಂದು ಗ್ರೂಪ್ ಫೋಟೋ ತನ್ನಿ. ಅದರಲ್ಲಿ ಏನು ಕಾಣ್ತಿದೆ ಅಂತ ಎರಡು ಪುಟ ಬರೀರಿ" ಅಂದರು. ನನ್ನ ಮೊಬೈಲಲ್ಲಿ ಅಜ್ಜನ ಮನೆ ಜಗಲಿಯಲ್ಲಿ ನೇತುಹಾಕಿದ್ದ ಒಂದು ಕಪ್ಪು-ಬಿಳುಪು ಫೋಟೋದ ಚಿತ್ರ ಇತ್ತು. ೧೯೭೪ರಲ್ಲಿ ನಡೆದ ಯಾರದೋ ಮದುವೆಯದ್ದು. ಅದನ್ನೇ ಬರೆದೆ. ಗಂಡು-ಹೆಣ್ಣು ನಡುವೆ, ಎರಡೂ ಕಡೆ ಹಿರಿಯರು, ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು (ಅದರಲ್ಲಿ ಎರಡು ಜಡೆ ಹಾಕ್ಕೊಂಡು ಮುಖ ಗಂಟಿಕ್ಕಿದ ಎಂಟು ವರ್ಷದ ಹುಡುಗಿ ನನ್ನಮ್ಮ). ಸಮತೋಲನ, ತ್ರಿಕೋನ ಜೋಡಣೆ, ನೆರಳು-ಬೆಳಕು ಅಂತ ಇಂಟರ್ನೆಟ್ಟಿನಿಂದ ಹೆಕ್ಕಿದ ಪದಗಳನ್ನೆಲ್ಲ ತುಂಬಿಸಿದೆ. ಹತ್ತಕ್ಕೆ ಎಂಟು ಅಂಕ ಬಂತು. ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದಿದ್ದರು: "ಚೌಕಟ್ಟಿನ ಹೊರಗೆ ಯಾರಿದ್ದಾರೆ?"

ನಾನು ಎದ್ದು ನಿಂತು "ಫೋಟೋಗ್ರಾಫರ್ ಸಾರ್" ಅಂದೆ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಅಲ್ಲಿಗೆ ಆ ಪ್ರಶ್ನೆ ಮುಗೀತು ಅಂದ್ಕೊಂಡಿದ್ದೆ.

ಆಮೇಲೆ ಶುರುವಾಯ್ತು ನೋಡಿ ನಿಜವಾದ ಪಾಠ. ಒಂದೇ ದೃಶ್ಯವನ್ನು ಮೂರು ಸಲ ನೋಡಬೇಕು. ಒಂದು ಸಲ ಹಾಗೇ, ಒಂದು ಸಲ ಶಬ್ದ ನಿಲ್ಲಿಸಿ, ಇನ್ನೊಂದು ಸಲ ಪರದೆಗೆ ಬೆನ್ನು ಹಾಕಿ ಬರೀ ಶಬ್ದ ಕೇಳಿಸಿಕೊಂಡು. ಐಸೆನ್‌ಸ್ಟೈನ್ ೧೯೨೫ರಲ್ಲಿ ಮಾಡಿದ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಸಿನಿಮಾದ ಒಡೆಸ್ಸಾ ಮೆಟ್ಟಿಲುಗಳ ದೃಶ್ಯದಲ್ಲಿ ಎಷ್ಟು ಕಟ್ ಇದೆ ಅಂತ ಎಣಿಸೋಕೆ ಕೂರಿಸಿದರು. ಅರವತ್ತು ಜನ ಎಣಿಸಿದೆವು, ಇಬ್ಬರ ಲೆಕ್ಕವೂ ತಾಳೆಯಾಗಲಿಲ್ಲ. ಆದ್ರೆ ಎಣಿಸುತ್ತಾ ಎಣಿಸುತ್ತಾ ಒಂದು ಹೊಳೀತು. ಗುಂಡು ಹಾರಿಸೋ ಸೈನಿಕರ ಮುಖ ಕಾಣೋದೇ ಇಲ್ಲ ಅನ್ನಬೇಕು. ಬೂಟು, ಬೆನ್ನು, ಬಂದೂಕು, ನೆರಳು. ಸಾಯುವವರದ್ದು ಮಾತ್ರ ಹತ್ತಿರದಿಂದ ತೆಗೆದ ಮುಖಗಳು. ಯಾರ ಪರ ನಿಲ್ಲಬೇಕು ಅಂತ ಯಾರೂ ಹೇಳಿರಲಿಲ್ಲ, ಆದ್ರೂ ನಾವೆಲ್ಲ ನಿಂತಾಗಿತ್ತು.

ಇನ್ನೊಂದು ದಿನ ಕುಲೆಶೋವ್ ಪ್ರಯೋಗದ ಬಗ್ಗೆ ಹೇಳಿದರು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಕುಲೆಶೋವ್ ಅನ್ನೋ ನಿರ್ದೇಶಕ ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಹೆಣ್ಣೊಬ್ಬಳ ಪಕ್ಕ ಜೋಡಿಸಿ ತೋರಿಸಿದನಂತೆ. ನೋಡಿದವರು ಆಹಾ, ಹಸಿವನ್ನ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ, ದುಃಖವನ್ನ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ ಅಂದರಂತೆ. ಮುಖ ಅದೇ! ಇನ್‌ಪುಟ್ ಒಂದೇ, ಪಕ್ಕದ ಸಾಲು ಬದಲಾದ್ರೆ ಔಟ್‌ಪುಟ್ ಬೇರೆ. ಇಂಜಿನಿಯರಿಂಗ್ ತಲೆಗೆ ಇದು ಸಖತ್ ಹಿಡಿಸಿತು.

ಹಿಡಿಸಿದ್ದೇ ತಪ್ಪಾಯ್ತು. ರಜೆಗೆ ಮನೆಗೆ ಹೋದಾಗ ನಾನು ಪಂಡಿತನಾಗಿದ್ದೆ. ಒಂದು ಭಾನುವಾರ ಟೀವಿಯಲ್ಲಿ 'ನಾಗರಹಾವು' ಬರ್ತಿತ್ತು. ಅಮ್ಮನಿಗೆ ಪುಟ್ಟಣ್ಣ ಅಂದ್ರೆ ಪ್ರಾಣ. ನಾನು ಪಕ್ಕದಲ್ಲಿ ಕೂತು ಶುರು ಹಚ್ಕೊಂಡೆ. "ನೋಡಮ್ಮ, ಈ ಹಾಡಲ್ಲಿ ಎಲ್ಲ ನಿಧಾನ ಚಲಿಸೋ ಹಾಗೆ ಕಾಣ್ತಿದೆಯಲ್ಲ, ಕ್ಯಾಮೆರಾನ ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮಿಗಿಂತ ಜೋರಾಗಿ ಓಡಿಸಿರ್ತಾರೆ..." ಅಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ, "ಅಶ್ವಥ್ ಮಾತಾಡೋದು ಕೇಳಿಸ್ತಾ ಇಲ್ಲ. ಸುಮ್ನಿರ್ತೀಯಾ?" ಅಂದಳು. ಸುಮ್ಮನಾದೆ.

ರಾತ್ರಿ ಊಟಕ್ಕೆ ಕೂತಾಗ ಮತ್ತೆ ತಡೆಯಲಾಗಲಿಲ್ಲ. "ಅಮ್ಮ, ಬೈಸಿಕಲ್ ಥೀವ್ಸ್ ಅಂತ ಒಂದು ಇಟಲಿ ಸಿನಿಮಾ ಇದೆ, ೧೯೪೮ರದ್ದು, ಡಿ ಸಿಕಾ ಅನ್ನೋನು ಮಾಡಿದ್ದು..." ಅಂತ ಪೀಠಿಕೆ ಹಾಕಿದೆ.

"ಸೈಕಲ್ ಕಳ್ಕೊಂಡೋನ ಕಥೆ ಅಲ್ವಾ? ಜೊತೆಗೆ ಸಣ್ಣ ಮಗ ಇರ್ತಾನೆ. ನೋಡಿದೀನಿ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಮ್ಮನ ತವರು ಸಾಗರದ ಕಡೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ೧೯೭೩ರಲ್ಲೇ ನೀನಾಸಂ ಚಿತ್ರಸಮಾಜ ಶುರು ಮಾಡಿ, ಜಗತ್ತಿನ ಒಳ್ಳೊಳ್ಳೆ ಸಿನಿಮಾಗಳನ್ನ ಅಡಿಕೆ ತೋಟದವರಿಗೆ, ಗದ್ದೆಯವರಿಗೆ ತೋರಿಸುತ್ತಿದ್ದರು ಅನ್ನೋದು ನನಗೆ ಓದಿ ಗೊತ್ತಿತ್ತು. ಆ ನೋಡಿದವರಲ್ಲಿ ನನ್ನಮ್ಮನೂ ಒಬ್ಬಳು ಅಂತ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲೂ ಇಲ್ಲ.

"ಆ ಹೆಂಡತಿ ಹಾಸಿಗೆ ಮೇಲಿನ ಬಟ್ಟೆ ಎಲ್ಲ ಅಡವಿಟ್ಟು ಸೈಕಲ್ ಬಿಡಿಸ್ಕೊಳ್ಳೋಕೆ ದುಡ್ಡು ಹೊಂದಿಸ್ತಾಳೆ. ಸಾಯಂಕಾಲ ಅಪ್ಪ-ಮಗ ಬರಿಗೈಲಿ ಮನೆಗೆ ಹೋದಾಗ ಅವಳು ಎಂತ ಅಂದಳು? ಅದನ್ನ ತೋರಿಸಲೇ ಇಲ್ಲ" ಅಂದಳು ಅಮ್ಮ, ಮಜ್ಜಿಗೆ ಬಡಿಸುತ್ತಾ.

ಕೊನೆಯಲ್ಲಿ ಮಗ ಅಪ್ಪನ ಕೈ ಹಿಡಿಯೋ ಶಾಟಿನ ಬಗ್ಗೆ ನಾನು ಪುಟಗಟ್ಟಲೆ ಬರೆದಿದ್ದೆ. ಆ ಹೆಂಗಸನ್ನ ಪೂರ್ತಿ ಮರೆತೇ ಬಿಟ್ಟಿದ್ದೆ.

ಕೋರ್ಸಿನ ಕೊನೆಯ ಸಿನಿಮಾ 'ಘಟಶ್ರಾದ್ಧ'. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, ೧೯೭೭ರದ್ದು. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ. ಆ ವರ್ಷದ ಸ್ವರ್ಣಕಮಲವೂ ಬಂತು. ವೇದಪಾಠಶಾಲೆಗೆ ಬಂದ ನಾಣಿ ಅನ್ನೋ ಪುಟ್ಟ ಹುಡುಗ, ಪಾಠ ಹೇಳಿಕೊಡೋ ಉಡುಪರ ವಿಧವೆ ಮಗಳು ಯಮುನಕ್ಕ, ಅವಳ ಬಸಿರು. ಕೊನೆಗೆ ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕ್ತಾನೆ. ನಾಣಿಯ ದೃಷ್ಟಿಕೋನದ ಬಗ್ಗೆ ನಾನು ಪರೀಕ್ಷೆಯಲ್ಲಿ ಆರು ಪುಟ ಬರೆದೆ. ಒಳ್ಳೆ ಗ್ರೇಡು ಬಂತು. ನಿಜ ಹೇಳಬೇಕಂದ್ರೆ ಬರೆಯುವಾಗ ನಂಗೆ ಏನೂ ಅನ್ನಿಸಿರಲಿಲ್ಲ.

೨೦೨೦ರ ಲಾಕ್‌ಡೌನ್‌ನಲ್ಲಿ ಮನೆಯಿಂದ ಕೆಲಸ ಮಾಡುತ್ತಿದ್ದಾಗ ಒಂದು ಸಂಜೆ ಅಮ್ಮನ ಜೊತೆ ಅದೇ ಸಿನಿಮಾ ಮತ್ತೆ ನೋಡಿದೆ. ಈ ಸಲ ಬಾಯಿ ಮುಚ್ಚಿಕೊಂಡು. ಕೊನೆಯಲ್ಲಿ ಅಪ್ಪನ ಜೊತೆ ಊರಿಗೆ ಹೊರಟ ನಾಣಿಗೆ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕ ಕಾಣ್ತಾಳೆ. ಲ್ಯಾಪ್‌ಟಾಪಿನ ಪರದೆ ಕಪ್ಪಾಯ್ತು. ಅಮ್ಮ ಎದ್ದು ಹೋಗಲಿಲ್ಲ.

"ದೊಡ್ಡಜ್ಜಿ ಹೀಗೇ ಇದ್ದಳು" ಅಂದಳು.

ಯಾವ ದೊಡ್ಡಜ್ಜಿ ಅಂದೆ. ಅಮ್ಮನ ಅಜ್ಜಿಯ ಅಕ್ಕ. ಸಣ್ಣ ಹುಡುಗಿ ಇದ್ದಾಗಲೇ ಗಂಡ ಸತ್ತು, ತಂಗಿಯ ಮನೆಗೆ ಬಂದು ಉಳಿದವಳು. ಕೆಂಪು ಸೀರೆ, ಬೋಳು ತಲೆ ಮೇಲೆ ಸೆರಗು. ನಾಲ್ಕು ಗಂಟೆಗೆ ಎದ್ದರೆ ರಾತ್ರಿವರೆಗೂ ಅಡುಗೆಮನೆ. ಅಮ್ಮನಿಗೆ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವಳು ಅವಳೇ ಅಂತೆ.

"ಫೋಟೋದಲ್ಲಿ ಇದಾಳಾ?" ಅಂತ ಕೇಳಿದೆ.

"ಮದುವೆ ಮನೆ ಫೋಟೋದಲ್ಲಿ ಅವಳೆಲ್ಲಿ? ಶುಭಕಾರ್ಯಕ್ಕೆ ಎದುರು ಬರೋ ಹಾಗಿರಲಿಲ್ಲ. ಒಳಗೆ ಇದ್ದಳು. ಅವತ್ತು ಅಷ್ಟೂ ಜನಕ್ಕೆ ಹೋಳಿಗೆ ಹೂರಣ ರುಬ್ಬಿದ್ದು ಅವಳೇ. ಫೋಟೋಗೆ ಬಾ ಅಂತ ನಾನು ಹೋಗಿ ಕೈ ಹಿಡಿದು ಎಳೆದೆ. ಎಲ್ಲರೂ ಬೈದರು. ಅದಕ್ಕೇ ಫೋಟೋದಲ್ಲಿ ನನ್ನ ಮುಖ ಹಾಗಿದೆ."

ನಾನು ಏನೂ ಹೇಳಲಿಲ್ಲ. ಮೊಬೈಲು ತೆಗೆದು ಆ ಫೋಟೋ ಹುಡುಕಿದೆ. ಬಲಗಡೆ ತುದಿಯಲ್ಲಿ ಕಂಬ, ಅದರ ಹಿಂದೆ ಅರ್ಧ ತೆರೆದ ಬಾಗಿಲು. ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಬರೀ ಕಪ್ಪು. 'ಬಲಬದಿಯ ಕತ್ತಲು ಚಿತ್ರಕ್ಕೆ ಸಮತೋಲನ ಕೊಡುತ್ತದೆ' ಅಂತ ನಾನೇ ಬರೆದಿದ್ದೆ.

"ಅವಳ ಹೆಸರು ಏನಮ್ಮ?"

ಅಮ್ಮ ಯೋಚಿಸಿದಳು. ಎಲ್ಲರೂ ದೊಡ್ಡಜ್ಜಿ ಅಂತಲೇ ಕರೆಯುತ್ತಿದ್ದರು. ಮಾವನಿಗೆ ಫೋನ್ ಮಾಡಿದಳು. ಮಾವನಿಗೂ ಗೊತ್ತಿಲ್ಲ. ಮಾವ ಇನ್ಯಾರನ್ನೋ ಕೇಳಿದ. ಅವರಿಗೂ ಗೊತ್ತಿಲ್ಲ. ಗೊತ್ತಿದ್ದವರೆಲ್ಲ ಆ ಫೋಟೋದಲ್ಲಿದ್ದಾರೆ, ಅವರಲ್ಲಿ ಹಿರಿಯರು ಯಾರೂ ಈಗಿಲ್ಲ.

೨೦೨೪ರಲ್ಲಿ 'ಘಟಶ್ರಾದ್ಧ'ವನ್ನ ಹೊಸದಾಗಿ ಶುಚಿಗೊಳಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸುದ್ದಿ ಓದಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹೌದಾ? ಒಳ್ಳೇದಾಯ್ತು. ಯಮುನಕ್ಕನ್ನ ಇನ್ನೂ ನಾಲ್ಕು ಜನ ನೋಡ್ಲಿ" ಅಂದಳು.

ಶಾಟು, ಕಟ್ಟು, ಚೌಕಟ್ಟು ಎಲ್ಲ ಕಲಿಸಿದ ಮೇಷ್ಟ್ರಿಗೆ ನಾನು ಋಣಿ. ಅದಿಲ್ಲದಿದ್ರೆ ಅವತ್ತು ಫೋಟೋದ ಬಗ್ಗೆ ಕೇಳಬೇಕು ಅಂತಲೂ ನಂಗೆ ಹೊಳೀತಿರಲಿಲ್ಲ. ಆದ್ರೆ ಅವರ ಪ್ರಶ್ನೆಗೆ ಉತ್ತರ ಎರಡು ವರ್ಷ ತಡವಾಗಿ ಸಿಕ್ಕಿತು, ಅದೂ ಅರ್ಧ. ಯಾರಿದ್ದರು ಅಂತ ಗೊತ್ತಾಯ್ತು, ಹೆಸರು ಸಿಗಲಿಲ್ಲ.

ನಿಮ್ಮ ಮನೆ ಗೋಡೆ ಮೇಲೂ ಅಂಥದ್ದೊಂದು ಫೋಟೋ ಇರುತ್ತೆ. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಕೇಳಿ ನೋಡಿ. ಹೇಳುವವರು ಇರುವಾಗಲೇ.